ನಿಬಿಯಾಳ ನಾಯಿಗೆ ಏನೂ ಕೊಡಬೇಡಿ

ಗುಂಡಿ, ದಾರ, ಲೇಸು ಮಾರುವ ಅಂಗಡಿಯಿಂದ ನಿಬಿಯಾ ಎಚೆಗೊಯೆನ್ ನಿವೃತ್ತಳಾದ ಸಂಜೆ, ಮೆಟ್ಟಿಲು ಹತ್ತುವ ಮುಂಚೆ ನಮ್ಮ ಬಾಗಿಲ ಮುಂದೆ ನಿಂತು, "ಮಿರ್ತಾ, ನಾಳೆಯಿಂದ ನಾನು ಯಾರ ಹತ್ರಾನೂ ಮಾತಾಡ್ಬೇಕಾಗಿಲ್ಲ, ಗೊತ್ತಾ?" ಎಂದಳು. ಅವಳ ಮುಖದಲ್ಲಿ ಅಷ್ಟು ನೆಮ್ಮದಿಯನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಹುಡುಗಿಯಾಗಿದ್ದಾಗ ಸೇರಿದ ಅಂಗಡಿ ಅದು. ಅಂದಿನಿಂದ ಕೌಂಟರಿನ ಹಿಂದೆ ನಿಂತು, ಕಳೆದುಹೋದ ಒಂದು ಗುಂಡಿಗೆ ಜೋಡಿ ಹುಡುಕಿಕೊಂಡು ಬರುವವರ ಸಂಸಾರದ ಕಥೆಗಳನ್ನೆಲ್ಲ ಕೇಳಿ ಕೇಳಿ ಅವಳಿಗೆ ಮನುಷ್ಯರ ದನಿಯೇ ಸಾಕಾಗಿಹೋಗಿತ್ತು. ಮದುವೆಯಾಗಿರಲಿಲ್ಲ. ಮೊಂಟೆವಿಡಿಯೊದ ಪಾಲೆರ್ಮೊ ಬಡಾವಣೆಯಲ್ಲಿರುವ ನಮ್ಮ ಕಟ್ಟಡದ ಮೊದಲ ಮಹಡಿ ಅವಳದು, ಕೆಳಗಿನ ಮನೆ ನನ್ನದು. ಬೀದಿಗೆ ಮುಖಮಾಡಿದ ಒಂದು ಬಾಲ್ಕನಿ, ಒಂದು ರೇಡಿಯೊ, ಬಿಸಿನೀರಿನ ಫ್ಲಾಸ್ಕು, ಮಾಟೆ ಎಂಬ ಎಲೆಯ ಕಷಾಯ ಹೀರುವ ಸೋರೆಬುರುಡೆ. ಇಷ್ಟಿದ್ದರೆ ಅವಳಿಗೆ ಬೇರೇನೂ ಬೇಕಿರಲಿಲ್ಲ.

ಅದಕ್ಕೆ ಕಲ್ಲು ಬಿದ್ದದ್ದು ರಕ್ತದೊತ್ತಡದಿಂದ. ದಿನಾ ನಡೆಯಬೇಕೆಂದು ಡಾಕ್ಟರು ಹೇಳಿದರು. ಸುಮ್ಮನೆ ನಡೆಯುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ. ಕೆಲಸವಿಲ್ಲದೆ ಬೀದಿಗಿಳಿದರೆ ಯಾರಾದರೂ ಮಾತಿಗೆ ನಿಲ್ಲಿಸುತ್ತಾರೆಂಬ ಭಯ ಬೇರೆ. ಅದೇ ಹೊತ್ತಿಗೆ ಅವಳ ಚಿಕ್ಕಪ್ಪನ ಮಗಳು ದೆಲ್ಮಿರಾ, ಗಂಡ ತೀರಿಹೋದ ಮೇಲೆ, ಸಾಲ್ಟೊ ಊರಿನಲ್ಲಿದ್ದ ತಂಗಿಯ ಮನೆಗೆ ಹೊರಟಿದ್ದಳು. ಆ ತಂಗಿಗೆ ನಾಯಿಯ ಕೂದಲು ಆಗುತ್ತಿರಲಿಲ್ಲ. ದೆಲ್ಮಿರಾ ತನ್ನ ನಾಯಿಯನ್ನು ತಂದು ನಿಬಿಯಾಳ ಅಡುಗೆಮನೆಯಲ್ಲಿ ಬಿಟ್ಟು, "ನೀನೂ ನಡೀಬೇಕು, ಇದೂ ನಡೀಬೇಕು. ಇಬ್ಬರಿಗೂ ಒಳ್ಳೇದು ಕಣೇ" ಎಂದು ಹೇಳಿ ಬಸ್ಸು ಹತ್ತಿದಳು.

ನಾಯಿಯ ಹೆಸರು ಸೆನಾಡೋರ್, ಅಂದರೆ ಸೆನೆಟರ್. ಉದ್ದನೆಯ ಮೈ, ಗಿಡ್ಡ ಕಾಲು, ಕಂದು ಬಣ್ಣದ ಮೇಲೆ ಬಿಳಿಯ ತೇಪೆಗಳು. ಚುನಾವಣೆಗೆ ನಿಂತವನ ಹಾಗೆ ಎದುರಿಗೆ ಬಂದವರಿಗೆಲ್ಲ ಮುಂಗಾಲು ಚಾಚುತ್ತಿತ್ತು, ಅದಕ್ಕೇ ದೆಲ್ಮಿರಾಳ ಗಂಡ ಆ ಹೆಸರಿಟ್ಟಿದ್ದ. ನಿಬಿಯಾಳಿಗೆ ಇದು ಮೊದಲನೆಯ ದಿನವೇ ಅರ್ಥವಾಗಬೇಕಿತ್ತು. ಅರ್ಥವಾಗಲಿಲ್ಲ.

ನಾಯಿಗೆ ನಡೆಯುವುದರಲ್ಲಿ ಆಸಕ್ತಿಯೇ ಇರಲಿಲ್ಲ. ಅದಕ್ಕೆ ಬೇಕಾಗಿದ್ದದ್ದು ಜನ. ಮನೆಯಿಂದ ಹೊರಟು ಪಕ್ಕದ ಬೇಕರಿಯವರೆಗೆ ಹುರುಪಿನಿಂದ ಹೋಗುವುದು, ಅಲ್ಲಿ ಮೆಟ್ಟಿಲ ಮೇಲೆ ಕೂತುಬಿಡುವುದು. ಎಳೆದರೆ ಹೊಟ್ಟೆ ನೆಲಕ್ಕೊತ್ತಿ ಚೀಲದಂತೆ ಭಾರವಾಗುವುದು. ಬೇಕರಿಯ ಎರ್ಮೆಲಿಂಡಾ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, "ಬಂದ್ರಾ ನಮ್ಮ ಸಾಹೇಬ್ರು" ಎಂದು ಅದರ ಕಾಲು ಕುಲುಕಿ, ನಿಬಿಯಾಳ ಜೊತೆ ಹವೆಯ ಬಗ್ಗೆ, ಗಂಡನ ಬೆನ್ನುನೋವಿನ ಬಗ್ಗೆ ಮಾತು ಶುರುಮಾಡುವಳು. ಅಲ್ಲಿಂದ ಎದ್ದರೆ ಪಕ್ಕದ ಬಾಗಿಲಲ್ಲಿ ಬೆತ್ತದ ಕುರ್ಚಿ ಹೆಣೆಯುವ ಮುದುಕ ದೋನ್ ಅಬಾಯುಬಾ. ಮೂಲೆಯಲ್ಲಿ ವಿಲ್ಮಾರನ ಮಾಂಸದಂಗಡಿ. ಆಮೇಲೆ ಹೂವಿನವಳು, ಕ್ಷೌರದಂಗಡಿ. ನದಿಯ ದಂಡೆಯ ರಾಂಬ್ಲಾ ರಸ್ತೆ ನಮ್ಮ ಮನೆಯಿಂದ ನಾಲ್ಕು ಹೆಜ್ಜೆ. ಅಷ್ಟು ದೂರ ಹೋಗಲೂ ಅವರಿಬ್ಬರಿಗೆ ಬೆಳಗಿನ ಹೊತ್ತೆಲ್ಲ ಸಾಲುತ್ತಿರಲಿಲ್ಲ.

ಹಿಂದಿರುಗುವಾಗ ನಿಬಿಯಾ ನನ್ನ ಕಿಟಕಿಯ ಬಳಿ ನಿಂತು ನಿಟ್ಟುಸಿರುಬಿಡುತ್ತಿದ್ದಳು. "ಕ್ಷೌರದವನ ನಾದಿನಿಗೆ ಕಣ್ಣಿನ ಆಪರೇಷನ್ನಂತೆ. ನನಗ್ಯಾಕೆ ಮಿರ್ತಾ ಅದು? ನಾನು ಕೇಳಿದ್ನಾ?"

"ಒಳ್ಳೇ ಜನ ಕಣೆ. ಪ್ರೀತಿಯಿಂದ ಹೇಳ್ತಾರೆ."

"ಪ್ರೀತಿ ನಾಯಿ ಮೇಲೆ. ನನ್ನ ಹೆಸರು ಯಾರಿಗೂ ಗೊತ್ತಿಲ್ಲ. ಹೂವಿನವಳು ನನ್ನನ್ನ ಸೆನಾಡೋರನ ಅಮ್ಮ ಅಂತ ಕರೀತಾಳೆ. ಈ ಬೀದೀಲೇ ಹುಟ್ಟಿ ಬೆಳೆದವಳು ನಾನು."

ಚಳಿಗಾಲ ಮುಗಿಯುವ ಹೊತ್ತಿಗೆ ನಾಯಿಯ ಸೊಂಟ ಕಾಣೆಯಾಯಿತು. ಕತ್ತಿನ ಪಟ್ಟಿಯನ್ನು ಕೊನೆಯ ತೂತಿಗೆ ಹಾಕಿದರೂ ಬಿಗಿಯಾಯಿತು. ಮೆಟ್ಟಿಲು ಹತ್ತುವಾಗ ನಡುವೆ ನಿಂತು ಏದುಸಿರುಬಿಡತೊಡಗಿತು. ನಿಬಿಯಾ ಅದನ್ನು ಪಶುವೈದ್ಯೆಯ ಬಳಿಗೆ ಕರೆದುಕೊಂಡು ಹೋದಳು. ವೈದ್ಯೆ ಚಿಕ್ಕ ವಯಸ್ಸಿನವಳು, ಮಾತು ಮಾತ್ರ ಖಡಕ್ಕು. ತೂಕ ನೋಡಿ, ಎದೆಗೆ ಕೊಳವೆ ಹಚ್ಚಿ ಕೇಳಿ, ಹೀಗೇ ಬಿಟ್ಟರೆ ಹೃದಯ ಕೈಕೊಡುತ್ತದೆ ಎಂದಳು.

"ಏನ್ ಹಾಕ್ತೀರಾ ಇದಕ್ಕೆ?"

"ಹೋದ ಸಲ ನೀವೇ ಹೇಳಿದಷ್ಟು. ಬೆಳಿಗ್ಗೆ ಒಂದು ಬಟ್ಟಲು, ಸಂಜೆ ಅರ್ಧ."

ವೈದ್ಯೆ ಕೊಳವೆಯನ್ನು ಕುತ್ತಿಗೆಗೆ ಹಾಕಿಕೊಂಡಳು. "ದೋನ್ಯಾ ನಿಬಿಯಾ, ಇಲ್ಲಿಗೆ ಬರೋರೆಲ್ಲ ಹೀಗೇ ಹೇಳ್ತಾರೆ. ಗಾಳಿ ಕುಡಿದು ಯಾವ ನಾಯೀನೂ ದಪ್ಪ ಆಗಲ್ಲ."

ಬಾಯಿಬಿಟ್ಟು ಒಂದು ಸುಳ್ಳು ಹೇಳದವಳು ನಿಬಿಯಾ. ಆ ಮಾತು ಅವಳಿಗೆ ಚುಚ್ಚಿತು. ಅಲ್ಲಿಂದ ನೇರವಾಗಿ, ನಾಯಿ ಕೂರುವ ಒಂದೊಂದೇ ಬಾಗಿಲಿಗೆ ಹೋದಳು. ಅಷ್ಟು ವರ್ಷಗಳಲ್ಲಿ ಅವಳು ತಾನಾಗಿ ಯಾರನ್ನಾದರೂ ಮಾತನಾಡಿಸಲು ಹೋದದ್ದು ಅದೇ ಮೊದಲು.

"ನಾನಾ? ನಾನು ಒಂದು ತುಣುಕೂ ಕೊಟ್ಟಿಲ್ಲ," ಎಂದಳು ಎರ್ಮೆಲಿಂಡಾ. "ಆ ವಿಲ್ಮಾರನ್ನ ಕೇಳಿ. ಅವನ ಕೈ ಧಾರಾಳ."

"ಬೇಕರಿಯವಳದೇ ಕೆಲಸ," ಎಂದ ವಿಲ್ಮಾರ್, ಕತ್ತಿ ಮಸೆಯುತ್ತ. "ಬೆಣ್ಣೆ ಸುರಿದ ರೊಟ್ಟಿ ಅವು. ಮಾಂಸ ತಿಂದು ಯಾರೂ ಊದಲ್ಲ. ನನ್ನನ್ನ ನೋಡಿ."

ನೋಡಿದರೆ ವಿಲ್ಮಾರನ ಏಪ್ರನ್ನಿನ ದಾರ ಬೆನ್ನ ಹಿಂದೆ ಕಟ್ಟುವಷ್ಟು ಸಾಲುತ್ತಿರಲಿಲ್ಲ. ದೋನ್ ಅಬಾಯುಬಾ ಮಾತ್ರ ನಿಜ ಒಪ್ಪಿಕೊಂಡ. ತಾನು ಒಂದೇ ಒಂದು ಚೀಸಿನ ತುಂಡು ಕೊಡುವುದಾಗಿಯೂ, ಅದು ತನ್ನ ಊಟದ್ದೇ ಆಗಿರುವುದರಿಂದ ಲೆಕ್ಕಕ್ಕೆ ಬರುವುದಿಲ್ಲವೆಂದೂ ವಿವರಿಸಿದ.

ನಿಬಿಯಾ ಮನೆಗೆ ಬಂದು ಹಳದಿ ಬಟ್ಟೆಯೊಂದನ್ನು ಕತ್ತರಿಸಿ, ಅಚ್ಚುಕಟ್ಟಾಗಿ ಕೆಂಪು ದಾರದಲ್ಲಿ 'ನನಗೆ ಏನೂ ಕೊಡಬೇಡಿ' ಎಂದು ಹೊಲಿದು ನಾಯಿಯ ಕುತ್ತಿಗೆಗೆ ಕಟ್ಟಿದಳು. ಮರುದಿನ ಅದನ್ನು ಓದಲೆಂದೇ ಜನ ನಿಂತರು. ಈವರೆಗೆ ನಾಯಿಯ ಕಡೆ ತಿರುಗಿಯೂ ನೋಡದವರು ಬಗ್ಗಿ ಓದಿ, "ಅಯ್ಯೋ ಪಾಪ, ಮನೇಲಿ ಊಟ ಹಾಕಲ್ವಂತೆ ಕಂದನಿಗೆ" ಎಂದು ಚೀಲದಲ್ಲಿ ಕೈಯಾಡಿಸಿದರು. ಸೆನಾಡೋರ್ ಅವರಿಗೂ ಕಾಲು ಕೊಟ್ಟಿತು. ಆ ಬಟ್ಟೆ ಎರಡನೆಯ ದಿನ ಕಸದ ಬುಟ್ಟಿ ಸೇರಿತು.

ಆಮೇಲೆ ದಾರಿ ಬದಲಿಸಿದಳು. ಬೇಕರಿಯ ಕಡೆಗೆ ಹೋಗದೆ ಹಿಂದಿನ ಬೀದಿಯಿಂದ ರಾಂಬ್ಲಾಕ್ಕೆ ಕರೆದೊಯ್ದಳು. ಒಂದು ವಾರ ಚೆನ್ನಾಗಿ ನಡೆಯಿತು. ಎರಡನೆಯ ವಾರ ಆ ಬೀದಿಯ ತರಕಾರಿಯವಳ ಅಂಗಡಿಯ ಮುಂದೆ ನಾಯಿ ಕೂತುಕೊಂಡಿತು. ಇತ್ತ ಎರ್ಮೆಲಿಂಡಾ ಅಂಗಡಿ ಬಿಟ್ಟು ಬಂದು ನಮ್ಮ ಕಟ್ಟಡದ ಗಂಟೆ ಒತ್ತಿದಳು. "ಏನಾಯ್ತು ದೋನ್ಯಾ? ನನ್ನ ಮೇಲೇನಾದ್ರೂ ಕೋಪಾನಾ? ಒಂದು ಮಾತು ಹೇಳದೆ ಹೀಗೆ ಮುಖ ತಪ್ಪಿಸೋದಾ?" ನಿಬಿಯಾ ಅವಳನ್ನು ಸಮಾಧಾನಪಡಿಸಲು ಒಂದು ಮಧ್ಯಾಹ್ನವನ್ನೇ ಕಳೆಯಬೇಕಾಯಿತು. ದಾರಿ ಮತ್ತೆ ಹಳೆಯದೇ ಆಯಿತು.

ನಿಬಿಯಾಳ ಕಾಲು ಮುರಿದದ್ದು ಆಗಲೇ. ನಮ್ಮ ಬೀದಿಯ ಕಾಲುದಾರಿಯನ್ನು ಮರದ ಬೇರುಗಳು ಎತ್ತಿ ಹಾಕಿವೆ. ಮಳೆ ಬಂದರೆ ಸಡಿಲವಾದ ಹಾಸುಬಿಲ್ಲೆಗಳ ಕೆಳಗೆ ನೀರು ನಿಂತಿರುತ್ತದೆ, ಕಾಲಿಟ್ಟರೆ ಚಿಮ್ಮುತ್ತದೆ. ನಿಬಿಯಾ ಕಾಲಿಟ್ಟ ಬಿಲ್ಲೆ ನೀರನ್ನಷ್ಟೇ ಚಿಮ್ಮಿಸಲಿಲ್ಲ, ಪೂರ್ತಿ ಮಗುಚಿತು. ಮಾಂಸದಂಗಡಿಗೆ ಇನ್ನೇನು ತಲುಪಬೇಕು ಅನ್ನುವಲ್ಲಿ ಅವಳು ಬಿದ್ದಳು. ಕೈಯಿಂದ ಹಗ್ಗ ಜಾರಿತು. ನಾಯಿ ಒಮ್ಮೆ ಅವಳ ಮುಖ ನೋಡಿತು. ಆಮೇಲೆ ಹಗ್ಗವನ್ನು ಎಳೆದುಕೊಂಡು ವಿಲ್ಮಾರನ ಅಂಗಡಿಯೊಳಗೆ ಹೋಯಿತು.

ಸ್ವಲ್ಪ ಹೊತ್ತಿನ ಮೇಲೆ ವಿಲ್ಮಾರ್ ಓಡಿಬಂದ. ಅವನ ಹಿಂದೆ ನಾಯಿ ಬಾಯಿ ಚಪ್ಪರಿಸುತ್ತ ಬಂತು.

"ನಾಯಿ ಒಂದೇ ಬಂತಲ್ಲ, ಏನೋ ಆಗಿದೆ ಅಂತ ಆಗ್ಲೇ ಅಂದ್ಕೊಂಡೆ," ಎಂದ ಅವನು, ಅವಳನ್ನು ಎತ್ತುತ್ತ.

ನೋವಿನಲ್ಲೂ ನಿಬಿಯಾಳ ಕಣ್ಣು ನಾಯಿಯ ಬಾಯಿಯ ಮೇಲಿತ್ತು. "ಅದಕ್ಕೆ ಕೊಟ್ಟು ಆಮೇಲೆ ಬಂದ್ರಾ?"

ವಿಲ್ಮಾರ್ ಕೆಂಪಗಾದ. "ಅಲ್ಲ... ಅದು ಕೂತಿತ್ತು, ಕೈಲಿ ಒಂದು ತುಂಡು ಇತ್ತು..."

ಹಿಮ್ಮಡಿಯ ಮೇಲೆ ಮೂಳೆ ಬಿರಿದಿತ್ತು. ಪ್ಲಾಸ್ಟರ್ ಹಾಕಿದರು. ಇಳಿದು ಬರುವಂತಿಲ್ಲ. ನನ್ನ ಬೆಕ್ಕಿಗೂ ಸೆನಾಡೋರಿಗೂ ಆಗಿಬರುವುದಿಲ್ಲ, ನಾನು ಆ ನಾಯಿಯ ಹಗ್ಗ ಹಿಡಿಯುವ ಹಾಗಿರಲಿಲ್ಲ. ಕೇಳುವ ಅಗತ್ಯವೂ ಬರಲಿಲ್ಲ. ಬೆಳಿಗ್ಗೆ ಎರ್ಮೆಲಿಂಡಾಳ ಗಂಡ ಬೆನ್ನು ಹಿಡಿದುಕೊಂಡು ನಾಯಿಯನ್ನು ಸುತ್ತಾಡಿಸಲು ಬಂದ, ಮಧ್ಯಾಹ್ನ ಹೂವಿನವಳು, ಸಂಜೆ ವಿಲ್ಮಾರ್. ಬರುವಾಗ ಒಬ್ಬೊಬ್ಬರೂ ನಿಬಿಯಾಳಿಗೆ ಸೂಪು, ಅಕ್ಕಿಯ ಪಾಯಸ, ಕುಂಬಳದ ಮುರಬ್ಬ ಏನಾದರೂ ತಂದರು, ಅವಳ ಹಾಸಿಗೆಯ ಪಕ್ಕದಲ್ಲಿ ಕೂತು ತಮ್ಮ ಮುರಿದ ಮೂಳೆಗಳ ಕಥೆ ಹೇಳಿದರು. ಅವಳು ಗೋಡೆಯ ಕಡೆ ನೋಡುತ್ತ ಕೇಳಿದಳು. ನಾನು ಪಾತ್ರೆ ತೊಳೆದುಕೊಡಲು ಹೋದಾಗ, "ಮಿರ್ತಾ, ಹೊರಗೆ ಹೋದ್ರೆ ತಾನೇ ಜನ ಸಿಗ್ತಾರೆ ಅಂದ್ಕೊಂಡಿದ್ದೆ" ಎಂದಳು.

ಸ್ವಲ್ಪ ಎದ್ದು ಕೂರುವಂತಾದ ಮೇಲೆ ಕುರ್ಚಿಯನ್ನು ಬಾಲ್ಕನಿಗೆ ಎಳೆದುಕೊಂಡಳು. ಅಲ್ಲಿಂದ ಇಡೀ ಬೀದಿ ಕಾಣುತ್ತದೆ. ಕೆಳಗೆ ನಾಯಿಯ ಪಕ್ಕ ನಿಂತಾಗ ಕಾಣದಿದ್ದದ್ದೆಲ್ಲ ಅವಳಿಗೆ ಮೇಲಿನಿಂದ ಕಂಡಿತು. ತನ್ನನ್ನು ಮಾತಿಗೆ ಹಿಡಿದು ಎರ್ಮೆಲಿಂಡಾ ಬೆನ್ನ ಹಿಂದಿನ ಕೈಯಿಂದ ರೊಟ್ಟಿ ಬೀಳಿಸುತ್ತಿದ್ದಳೆಂದು ಆಗ ತಿಳಿಯಿತು. ಅಬಾಯುಬಾನ ಒಂದೇ ಒಂದು ಚೀಸಿನ ತುಂಡು ಅಂಗೈ ಅಗಲ ಇತ್ತು. ಕ್ಷೌರದವನು ಕೂಡ ಹ್ಯಾಮಿನ ಚೂರುಗಳನ್ನು ಗಿರಾಕಿಯ ಕುರ್ಚಿಯ ಕೆಳಗೆ ಎಸೆಯುತ್ತಿದ್ದ.

ಮೊದಮೊದಲು ಸುಮ್ಮನಿದ್ದಳು. ಒಂದು ದಿನ ತಡೆಯಲಾಗಲಿಲ್ಲ. ಬಟನ್ ಅಂಗಡಿಯಲ್ಲಿ ಎಂದೂ ಏರದ ದನಿಯಲ್ಲಿ ಬಾಲ್ಕನಿಯಿಂದ ಕೂಗಿದಳು. "ಎರ್ಮೆಲಿಂಡಾ, ಆ ಕೈ ಮುಂದೆ ತನ್ನಿ. ದೋನ್ ಅಬಾಯುಬಾ, ಅದು ತುಂಡಲ್ಲ, ಇಟ್ಟಿಗೆ. ಅದರ ಎದೆ ಒಡೆದು ಸತ್ತರೆ ಹೂಳೋಕೆ ನೀವೇ ಬರ್ತೀರಾ? ನಿಮ್ಮ ಪ್ರೀತಿಗೆ ಇದು ಸಾಯ್ತಾ ಇದೆ, ನಿಮಗೆ ಕಾಣಲ್ವಾ?"

ಮೂಲೆಯ ಬಸ್ಸಿಗೆ ಕಾಯುತ್ತಿದ್ದವರೂ ತಲೆಯೆತ್ತಿ ನೋಡಿದರು. ಎರ್ಮೆಲಿಂಡಾ ಅಳುತ್ತ ಒಳಗೆ ಹೋದಳು. ಕೆಳಗಿನಿಂದ ದೋನ್ ಅಬಾಯುಬಾ ನಿಧಾನವಾಗಿ ಹೇಳಿದ, "ಅದು ನನ್ನ ಬಾಗಿಲಿಗೆ ದಿನಾ ಬರುತ್ತೆ, ಅಮ್ಮಾ. ಬೇರೆ ಯಾರೂ ದಿನಾ ಬರಲ್ಲ. ಬರಿಗೈಲಿ ಹೇಗೆ ಕಳಿಸ್ಲಿ?"

ನಿಬಿಯಾ ಕುರ್ಚಿಯನ್ನು ಒಳಗೆ ಎಳೆದುಕೊಂಡಳು. ಆ ದಿನ ರೇಡಿಯೊ ಕೂಡ ಹಾಕಲಿಲ್ಲ. ಮರುದಿನ ನನ್ನನ್ನು ಕರೆದು, ಮೇಲಿನ ಕಪಾಟಿನಿಂದ ಗುಂಡಿಗಳ ಹಳೆಯ ಡಬ್ಬಿಗಳನ್ನೆಲ್ಲ ಇಳಿಸಿಕೊಡಲು ಹೇಳಿದಳು. ಅಂಗಡಿಯವರು ನಿವೃತ್ತಿಯ ದಿನ ಕೊಟ್ಟಿದ್ದವು ಅವು. ಗುಂಡಿಗಳನ್ನು ಒಂದು ಚೀಲಕ್ಕೆ ಸುರಿದು, ಡಬ್ಬಿಗಳನ್ನು ತೊಳೆದು ಒರೆಸಿದಳು. ನಾಯಿಯ ದಿನದ ಆಹಾರವನ್ನು ವೈದ್ಯೆ ಹೇಳಿದಷ್ಟೇ ಅಳೆದು ಎಲ್ಲ ಡಬ್ಬಿಗೂ ಹಂಚಿದಳು. ಹೂವಿನವಳ ಕೈಯಲ್ಲಿ ಬಾಗಿಲು ಬಾಗಿಲಿಗೆ ಕಳಿಸಿದಳು. ಕೊಡುವುದಾದರೆ ಇದರಿಂದ ಕೊಡಿ, ಮನೆಯಲ್ಲಿ ಇನ್ನು ನಾನು ಏನೂ ಹಾಕುವುದಿಲ್ಲ ಎಂದು ಹೇಳಿ ಕಳಿಸಿದಳು.

ವಿಲ್ಮಾರ್ ಮಾತ್ರ ಡಬ್ಬಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದ. "ದೋನ್ಯಾ, ಮಾಂಸದಂಗಡಿಯಿಂದ ನಾಯಿ ಒಣ ಕಾಳು ತಿಂದು ಹೋಗೋದಾ? ಗಿರಾಕಿಗಳು ಏನಂದ್ಕೋತಾರೆ?"

"ನಾಯಿ ಆರೋಗ್ಯವಾಗಿದೆ ಅಂದ್ಕೋತಾರೆ."

"ನನಗೂ ಒಂದು ಮರ್ಯಾದೆ ಇದೆ."

ಒಂದು ಮಾಟೆ ಮುಗಿಯುವವರೆಗೆ ವಾದ ನಡೆಯಿತು. ಕೊನೆಗೆ ಹೆಬ್ಬೆರಳಿನ ಉಗುರಿನಷ್ಟು ಬೇಯಿಸಿದ ಲಿವರ್, ಕೊಬ್ಬಿಲ್ಲದೆ, ಭಾನುವಾರ ಮಾತ್ರ ಎಂದು ತೀರ್ಮಾನವಾಯಿತು. ಯಾರ ಹೆಬ್ಬೆರಳು ಎಂಬುದರ ಬಗ್ಗೆ ಮತ್ತೊಮ್ಮೆ ಜಗಳವಾಗಿ, ನಿಬಿಯಾ ತನ್ನದನ್ನೇ ತೋರಿಸಿದಳು.

ಬೇಸಿಗೆ ಮುಗಿಯುವಷ್ಟರಲ್ಲಿ ಪಶುವೈದ್ಯೆ ನಾಯಿಯನ್ನು ತೂಗಿ, "ಈಗ ನಿಜ ಹೇಳಿ, ಏನ್ ಮಾಡಿದ್ರಿ?" ಎಂದು ಕೇಳಿದಳು. ನಿಬಿಯಾ ಹೇಳಿದಳು. ವೈದ್ಯೆ ನಕ್ಕಳಂತೆ. ನಿಬಿಯಾಳಿಗೆ ನಗು ಬರಲಿಲ್ಲ. ಪ್ಲಾಸ್ಟರ್ ತೆಗೆದ ಮೇಲೆ ಬೆಳಗಾದರೆ ಡಬ್ಬಿಗಳನ್ನು ಒಟ್ಟುಮಾಡುವುದು, ತುಂಬುವುದು, ಹಂಚುವುದು ಅವಳ ಪಾಲಿನ ಕೆಲಸವಾಯಿತು. ಬಾಗಿಲಿಗೆ ಹೋದ ಮೇಲೆ ಸುಮ್ಮನೆ ಬರಲಾಗುತ್ತದೆಯೇ? ದೋನ್ ಅಬಾಯುಬಾನ ಕಣ್ಣಿಗೆ ಹನಿ ಹಾಕುವವಳು ಈಗ ಅವಳೇ. ಎರ್ಮೆಲಿಂಡಾ ಮುನಿಸು ಬಿಟ್ಟಿದ್ದಾಳೆ, ಹಾಗಾಗಿ ಬೆನ್ನುನೋವಿನ ಸುದ್ದಿ ತಪ್ಪುವುದಿಲ್ಲ. ನಾಯಿ ಮನೆಗೆ ಬಂದರೆ ತನ್ನ ಖಾಲಿ ಬಟ್ಟಲನ್ನೂ ಅವಳನ್ನೂ ನೋಡಿ, ಬಾಡಿಗೆಯ ಕೋಣೆಗೆ ಬಂದವನಂತೆ ಬೆನ್ನು ತಿರುಗಿಸಿ ಮಲಗುತ್ತದೆ.

"ಇದಕ್ಕೆ ನಾನು ಯಾರೂ ಅಲ್ಲ, ಮಿರ್ತಾ. ಹಗ್ಗ ಹಿಡಿಯೋಳು ಅಷ್ಟೆ," ಎನ್ನುತ್ತಾಳೆ. ಹೇಳುತ್ತಲೇ ಅದರ ಕಿವಿಯ ಹಿಂದೆ ಕೆರೆಯುತ್ತಿರುತ್ತಾಳೆ. ಅದು ಕಣ್ಣು ಮುಚ್ಚಿಕೊಂಡಿರುತ್ತದೆ.

ಕಳೆದ ಶನಿವಾರ ಕ್ಷೌರದಂಗಡಿಯ ಪಕ್ಕದಲ್ಲಿ ತಾಜಾ ಪಾಸ್ತಾ ಮಾರುವ ಹೊಸ ಅಂಗಡಿಯೊಂದು ತೆರೆಯಿತು. ನಾನು ಕಿಟಕಿಯಲ್ಲಿದ್ದೆ. ಸೆನಾಡೋರ್ ಬಾಗಿಲಿನ ಮುಂದೆ ನಿಂತು ಒಳಗಿನ ವಾಸನೆ ಹಿಡಿಯಿತು, ಮೆಟ್ಟಿಲ ಮೇಲೆ ಕೂತಿತು, ಮುಂಗಾಲು ಎತ್ತಿತು. ಒಳಗಿಂದ ಹೆಂಗಸೊಬ್ಬಳು ಕೈ ಒರೆಸಿಕೊಳ್ಳುತ್ತ ಬಂದಳು. ನಿಬಿಯಾ ಕಣ್ಣು ಮುಚ್ಚಿ ಆಕಾಶದ ಕಡೆ ಮುಖವೆತ್ತಿದಳು. ಆಮೇಲೆ ಹಗ್ಗವನ್ನು ಆ ಅಪರಿಚಿತಳ ಕೈಗೆ ಕೊಟ್ಟು, "ಏನೂ ಕೊಡ್ಬೇಡಿ, ಇಲ್ಲೇ ಇರಿ, ಈಗ ಬಂದೆ" ಎಂದು ಹೇಳಿ, ಇನ್ನೊಂದು ಡಬ್ಬಿ ತರಲು ಮನೆಯ ಕಡೆ ಹೊರಟಳು.