ಅಕ್ಕನ ರೇಸ್ ಪೆಟ್ರೋಲು

ಕಳೆದ ಜನವರಿಯ ಎರಡನೇ ಶನಿವಾರದ ಮರುದಿನ, ಕೊಲ್ಲಂ ದಾಟಿದ ಮೇಲೆ, ನಮ್ಮ ಮೇಲಿನ ಮನೆಯ ಅಕ್ಕನ ಕಾರಿನ ಎಂಜಿನ್ ಒಡೆಯಿತು. ಆಗ ಸ್ಟಿಯರಿಂಗ್ ಹಿಡಿದಿದ್ದ ಅವರ ಬಲಗೈ ಇನ್ನೂ ಕಣ್ಣ ಮುಂದಿದೆ: ಮಣಿಕಟ್ಟಿನಲ್ಲಿ ಸೈಲೆನ್ಸರ್ ತಗುಲಿ ಸುಟ್ಟ ಹಳೆಯ ಕಲೆ, ಅದರ ಮೇಲೆ ಎರಡು ಹಸಿರು ಗಾಜಿನ ಬಳೆ.

ಅಕ್ಕ ಧಾರವಾಡದವರು, ಬ್ಯಾಂಕಿನ ಅಧಿಕಾರಿ. ಪತ್ರಿಕೆಯ ಕೆಲಸಕ್ಕೆಂದು ನಾನು ಆಲುವಕ್ಕೆ ಬಂದಾಗ ನಾವಿದ್ದ ಕಟ್ಟಡದಲ್ಲಿ ಕನ್ನಡ ಕೇಳಿಸಿದ್ದು ಅವರ ಮನೆಯಿಂದ ಮಾತ್ರ. ಎರಡನೇ ಶನಿವಾರ ಬ್ಯಾಂಕಿಗೆ ರಜೆ. ಅಂದು ಅವರು ಕಾರ್ ಓಟಕ್ಕೆ ಹೋಗುತ್ತಿದ್ದರು. ಪಕ್ಕದ ಕಳಮಶ್ಶೇರಿಯ ಗ್ಯಾರೇಜೊಂದರಲ್ಲಿ ಶಕ್ತಿ ಹೆಚ್ಚಿಸಿದ್ದ ಸಣ್ಣ ಕಾರು ಅದು. ಓಟಕ್ಕೆ ಕ್ಯಾನಿನಲ್ಲಿ ತರಿಸಿದ ಹೈ ಆಕ್ಟೇನ್ ರೇಸ್ ಪೆಟ್ರೋಲು, ಅದಕ್ಕೆ ತಕ್ಕಂತೆ ಎಂಜಿನ್ನಿನ ಕಂಪ್ಯೂಟರಿಗೆ ಬೇರೆ ಪ್ರೋಗ್ರಾಂ. ಓಟ ಮುಗಿದ ಮೇಲೆ ಹಳೆಯ ಪ್ರೋಗ್ರಾಂ ಹಾಕಿಸದೆ ಬಂಕಿನ ಪೆಟ್ರೋಲು ತುಂಬುವಂತಿಲ್ಲ; ತುಂಬಿ ಜೋರಾಗಿ ಓಡಿಸಿದರೆ ಎಂಜಿನ್ ಒಳಗೇ ಬಡಿದುಕೊಂಡು ಒಡೆಯುತ್ತದೆ.

"ಹೋಳಿಗಿಗೆ ಬಾಯಿ ತೆರದು ಕುಂತವರಿಗೆ ಗಂಜಿ ಬಡಿಸಿದ್ರ ಸಿಟ್ಟಿಗೇಳ್ತಾರ ತಮ್ಮಾ. ಇದೂ ಹಂಗ," ಎನ್ನುತ್ತಿದ್ದರು.

ಆ ಭಾನುವಾರ ಬೆಳಿಗ್ಗೆ ತಿರುವನಂತಪುರದಿಂದ ಅಮ್ಮನ ಫೋನು. ಕೇಂದ್ರ ಸರ್ಕಾರದ ನೌಕರಿಯಿಂದ ನಿವೃತ್ತರಾಗಿ ಅಲ್ಲಿನ ಶ್ರೀಕಾರ್ಯಂ ಬಡಾವಣೆಯಲ್ಲೇ ಉಳಿದಿದ್ದ ಅಪ್ಪ ಕುಸಿದುಬಿದ್ದು ಆಸ್ಪತ್ರೆ ಸೇರಿದ್ದರು. ನನ್ನನ್ನು ಕೇಳುತ್ತಿದ್ದರು. ಮೆಟ್ಟಿಲಲ್ಲಿ ಸಿಕ್ಕ ಅಕ್ಕನಿಗೆ ವಿಷಯ ಹೇಳಿದೆ.

"ರೈಲಿಗೆ ಕಾಯ್ಕೋತ ಕುಂಡ್ರತಿ? ನಡಿ, ನಾ ಬಿಡ್ತೀನಿ."

ಗ್ಯಾರೇಜಿಗೆ ರಜೆ. ಕಾರಿನಲ್ಲಿ ಹಿಂದಿನ ದಿನದ ಓಟದ ಪ್ರೋಗ್ರಾಮೇ ಇತ್ತು. ಅದು ಅವರಿಗೆ ಗೊತ್ತಿತ್ತು.

ಆಲಪ್ಪುಳದ ಹೊತ್ತಿಗೆ ಉಳಿದಿದ್ದ ರೇಸ್ ಪೆಟ್ರೋಲು ತೀರುತ್ತ ಬಂತು. "ಫುಲ್ ಆಣೋ ಚೇಚೀ?" ಎಂದು ಟ್ಯಾಂಕು ತುಂಬಿಸಲು ಮಲಯಾಳದಲ್ಲಿ ಕೇಳಿದ ಬಂಕಿನವನಿಗೆ ಅಕ್ಕ ಹೌದೆಂದು ತಲೆಯಾಡಿಸಿ, ನನ್ನತ್ತ ತಿರುಗಿದರು. "ಮೆತ್ತಗ ಹೊಡದ್ರ ಏನೂ ಆಗಂಗಿಲ್ಲ."

ಕೊಲ್ಲಂವರೆಗೆ ಲಾರಿಗಳ ಹಿಂದೆಯೇ ಮೆತ್ತಗೆ ಓಡಿಸಿದರು. ಆಗ ಅಮ್ಮನ ಫೋನು ಮತ್ತೆ ಬಂತು. ಸ್ಪೀಕರಿನಲ್ಲಿತ್ತು.

"ಎಲ್ಲಿದ್ದೀಯೋ? ಬಾಗಿಲ ಕಡೆನೇ ನೋಡ್ತಿದ್ದಾರೆ ಕಣೋ."

ಅಕ್ಕ ಮುಂದಿದ್ದ ಲಾರಿಯನ್ನು ಹಿಂದೆ ಹಾಕಿದರು, ಆಮೇಲೆ ಇನ್ನೊಂದನ್ನು. ಏರಿನಲ್ಲಿ ಡಬ್ಬಿಯೊಳಗೆ ಕಲ್ಲು ಕುಲುಕಿದಂಥ ಸದ್ದು ಎದ್ದಿತು. ಆಕ್ಸಿಲರೇಟರ್ ಒತ್ತಿದ್ದ ಅವರ ಕಾಲು ಸಡಿಲಲಿಲ್ಲ. ಸ್ವಲ್ಪ ಹೊತ್ತಿಗೆ ಹಿಂದೆಲ್ಲ ಹೊಗೆ. ಪಿಸ್ಟನ್ ಹೋಗಿತ್ತು.

ಟ್ಯಾಕ್ಸಿ ಸಿಗಲು ತಡವಾಯಿತು. ನಾವು ತಲುಪಿದಾಗ ಅಪ್ಪನ ಮುಖಕ್ಕೆ ಬಟ್ಟೆ ಹೊದಿಸಿ ಅರ್ಧ ಗಂಟೆಯಾಗಿತ್ತು. ಲಾರಿಗಳ ಹಿಂದೆಯೇ ಬಂದಿದ್ದರೂ ಅವರಿಗೆ ಉಸಿರಿದ್ದಾಗಲೇ ತಲುಪುತ್ತಿದ್ದೆವು. ಎಷ್ಟು ಹೊತ್ತಿಗೆ ತಲುಪಬೇಕಿತ್ತೆಂದು ಅಕ್ಕ ಟ್ಯಾಕ್ಸಿಯಲ್ಲೇ ಲೆಕ್ಕ ಹಾಕಿದ್ದರು.

ವೈಕುಂಠ ಸಮಾರಾಧನೆಗೆ ಅವರು ಬಸ್ಸಿನಲ್ಲಿ ಬಂದರು. ಎಲೆಯ ಮುಂದೆ ಕೂರದೆ ಬಾಗಿಲ ಬಳಿ ನಿಂತರು.

"ನನ್ನಿಂದ ತಪ್ಪಾಗೇದ್ರಿ ಅಮ್ಮಾರ. ಸದ್ದು ಕೇಳಿನೂ ಒತ್ತೀನಿ."

ಅಮ್ಮ ಪಲ್ಯ ಬಡಿಸುತ್ತಲೇ ಹೇಳಿದರು: "ನಾನು ಫೋನ್ ಮಾಡಿದ್ದಕ್ಕೆ ತಾನೇಮ್ಮ ನೀನು ಒತ್ತಿದ್ದು? ಹಾಗಿದ್ರೆ ಇಬ್ರೂ ಉಪವಾಸ ಇರೋಣ. ಬಾ, ಕೂತ್ಕೋ."

ಅಕ್ಕ ಕೂತರು. ತುತ್ತು ಕಲೆಸಿ ಬಹಳ ಹೊತ್ತು ಕೈಯಲ್ಲೇ ಹಿಡಿದಿದ್ದರು.

ಎಂಜಿನ್ ರಿಪೇರಿಯಾಗಿ ಕಾರು ಏಪ್ರಿಲಿನಲ್ಲಿ ಮನೆಗೆ ಬಂತು. ಅದರ ಮೇಲಿನ ಹೊದಿಕೆ ತೆಗೆದದ್ದನ್ನು ನಾನು ನೋಡಿಲ್ಲ. ಕಳೆದ ವಾರ ಅಮ್ಮ ಮೊದಲ ಸಲ ಒಬ್ಬರೇ ರೈಲಿನಲ್ಲಿ ಆಲುವಕ್ಕೆ ಬಂದರು. ನನಗೆ ಡ್ಯೂಟಿ ಇತ್ತು. ಸ್ಟೇಷನ್ನಿಗೆ ಅಕ್ಕ ಹೋದರು. ಕಾರೆಲ್ಲಿ ಎಂದು ಅಮ್ಮ ಕೇಳಿದರಂತೆ. ಇಬ್ಬರೂ ಆಟೊದಲ್ಲಿ ಮನೆಗೆ ಬಂದರು.