ಬಡಗಿ ಊದಿದ ಕೊಳವೆ

ಮನೆಯ ಕೆಳಗಿನ ಕೋಣೆಯಲ್ಲಿ ಮರ ಉಜ್ಜುವ ಯಂತ್ರ ಬೆಳಗಾಗುತ್ತಲೇ ಕಿರುಚತೊಡಗುತ್ತಿತ್ತು. ಬಡಗಿಯ ನಾಲಿಗೆಯೂ ಅಷ್ಟೇ ಹರಿತ. ಓಣಿಯವರು ಅವನನ್ನು ಗರಗಸ ಎಂದೇ ಕರೆಯುತ್ತಿದ್ದರು. ಮಗಳಿಗೆ ಅಸ್ತಮಾ, ಮರದ ಹುಡಿ ಆಗದು ಎಂದ ಡಾಕ್ಟರು, ಉಸಿರಿನ ಬಲ ಅಳೆಯಲು ಮುಳ್ಳಿರುವ ಕೊಳವೆಯೊಂದನ್ನು ಕೊಟ್ಟಿದ್ದರು. ರಜೆಯ ದಿನ ಅವಳು ಊದಿದರೆ ಮುಳ್ಳು ಹಸಿರು ಗೆರೆ ಮುಟ್ಟುತ್ತಿತ್ತು. ಯಂತ್ರ ತಿರುಗಿದ ದಿನ ಕೆಂಪಿನಲ್ಲೇ ನಿಲ್ಲುತ್ತಿತ್ತು.

"ನೋಡಿ, ಮತ್ತೆ ಕೆಂಪು. ಯಂತ್ರ ಬೇರೆ ಕಡೆ ಹಾಕಿ ಅಂದ್ರೆ ಕಿವಿಗೇ ಹಾಕ್ಕೊಳಲ್ಲ," ಎಂದಳು ಹೆಂಡತಿ.

"ಜಗಳಕ್ಕೆ ನಿಂತಾಗ ಇವಳ ಉಸಿರು ಚೆನ್ನಾಗೇ ಇರುತ್ತೆ. ನೀನು ಹೇಳಿಕೊಟ್ಟ ನಾಟಕ ಇದು. ಬೇಕಂತಲೇ ಮೆಲ್ಲಗೆ ಊದ್ತಾಳೆ. ಕೊಡಿಲ್ಲಿ, ಊದೋದು ಹೇಗೆ ಅಂತ ತೋರಿಸ್ತೀನಿ."

ಅವನು ಎದೆಯುಬ್ಬಿಸಿ, ಕುತ್ತಿಗೆಯ ನರ ಬಿಗಿಯುವಂತೆ ಊದಿದ. ಮುಳ್ಳು ಮಗಳ ಕೆಂಪು ಗೆರೆಯನ್ನೂ ದಾಟಲಿಲ್ಲ. ಕೆಮ್ಮು ಒತ್ತರಿಸಿಕೊಂಡು ಬಂತು.

"ನಿಮಗೂ ನಾನೇ ಹೇಳಿಕೊಟ್ಟೆನಾ?" ಎಂದಳು ಹೆಂಡತಿ.

"ಅಪ್ಪ, ಕೂತ್ಕೋ. ನಿಧಾನವಾಗಿ ಉಸಿರು ಬಿಡು," ಎಂದು ಮಗಳು ಕುರ್ಚಿ ಎಳೆದಳು.

ಅವನು ಕುರ್ಚಿಯನ್ನು ಕಾಲಿನಿಂದ ತಳ್ಳಿದ.

"ಈ ಹಾಳು ಮುಳ್ಳೇ ಸರಿ ಇಲ್ಲ. ಯಂತ್ರ ಎಲ್ಲಿಗೂ ಹೋಗಲ್ಲ. ಹೋದ್ರೂ ನೀವು ಹೇಳಿದ್ದಕ್ಕಲ್ಲ, ನಾನೇ ನಾಳೆ..." ಎನ್ನುತ್ತಲೇ ಅವನು ಮೆಟ್ಟಿಲಿಳಿದು ಹೊರಟುಹೋದ.