ತುದಿಯಿಲ್ಲದ ಎಲೆ

ಭಾರತದಿಂದ ಬಂದವಳು ಭಾರತದ ಗುಡಿಗಳ ಬಗ್ಗೆಯೇ ಬರೆಯಬೇಕೆಂದು ಯಾರು ಕಟ್ಟಪ್ಪಣೆ ಮಾಡಿದ್ದಾರೆ? ಎರಡು ಸಾವಿರದ ಇಸವಿಯ ಆಚೀಚೆ ಅಮೆರಿಕದ ರಿಚರ್ಡ್‌ಸನ್‌ನಲ್ಲಿ ಕಲಾಚರಿತ್ರೆ ಓದುತ್ತಿದ್ದ ನನಗೆ ಮಾರ್ಗದರ್ಶಕರು ಮೂರು ಸಲ ಅದನ್ನೇ ಸೂಚಿಸಿದ್ದರು. ನಾನು ಹಿಡಿದದ್ದು ಆರಂಭಕಾಲದ ಆಟೊಮನ್ ತುರ್ಕರ ಮಸೀದಿಗಳ ಗೋಡೆಗೆ ಬಣ್ಣದಲ್ಲಿ ಬರೆದ ಬಳ್ಳಿ, ಸುರುಳಿ ಎಲೆ, ಹೂಗಳನ್ನು. ಪ್ರಬಂಧಕ್ಕೆ ಅವರ ಸಹಿ ಬೀಳದಿದ್ದರೆ ಗಂಟುಮೂಟೆ ಕಟ್ಟಬೇಕಿತ್ತು. ಅಪಾರ್ಟ್‌ಮೆಂಟಿನಲ್ಲಿ ಜೊತೆಗಿದ್ದ ಟೆಲಿಕಾಂ ಓದುವ ಹುಡುಗಿ, “ಇದನ್ನ ಓದಿದ್ರೆ ಕೆಲಸ ಯಾರೇ ಕೊಡ್ತಾರೆ?” ಅನ್ನುತ್ತಿದ್ದಳು. ಅನ್ನಲಿ. ಬೇಡ ಎಂದಷ್ಟೂ ನನಗೆ ಅದೇ ಬೇಕು.

ಒಂದು ಮಸೀದಿಯ ಸ್ಲೈಡುಗಳಲ್ಲಿ ಎಡಗೋಡೆಯ ಬಳ್ಳಿ ಬಲಕ್ಕೆ ಸುತ್ತಿಕೊಂಡಿದ್ದರೆ ಬಲಗೋಡೆಯದು ಎಡಕ್ಕೆ. ಇದು ಇಬ್ಬರು ಕಲಾವಿದರ ಕೈಕೆಲಸ ಎಂದು ಮಾರ್ಗದರ್ಶಕರು ಹಿಂದೆಯೇ ಲೇಖನ ಬರೆದಿದ್ದರು. ನನ್ನ ಕಣ್ಣಿಗೆ ಬಿದ್ದದ್ದು ಬೇರೆ: ಎರಡೂ ಗೋಡೆಗಳಲ್ಲಿ, ಪ್ರತಿ ಬಳ್ಳಿಯಲ್ಲೂ, ಮೂರನೆಯ ಎಲೆಗೆ ತುದಿಯೇ ಇರಲಿಲ್ಲ. ಕೈಯಿಂದ ಬರೆಯುವ ಇಬ್ಬರು ಒಂದೇ ಜಾಗವನ್ನು ಅಷ್ಟು ಸಲ ಮರೆಯುತ್ತಾರೆಯೇ?

ನನ್ನ ಅವ್ವ ಹುಬ್ಬಳ್ಳಿಯಲ್ಲಿ ಎಂಬ್ರಾಯ್ಡರಿಗೆ ಡಿಸೈನ್ ಟ್ರೇಸ್ ಮಾಡಿಕೊಡುತ್ತಾಳೆ. ಟ್ರೇಸಿಂಗ್ ಪೇಪರಿನ ಗೆರೆಗುಂಟ ಸೂಜಿಯಿಂದ ತೂತು ಚುಚ್ಚಿ, ಬಟ್ಟೆಯ ಮೇಲಿಟ್ಟು, ನೀಲಿ ಕಲಸಿದ ಸೀಮೆಎಣ್ಣೆಯಿಂದ ಒರೆಸಿದರೆ ಚುಕ್ಕೆಗಳಲ್ಲಿ ಚಿತ್ರ ಮೂಡುತ್ತದೆ. ರವಿಕೆಯ ಬಲತೋಳಿಗೆ ಒಂದು ಹಾಳೆ, ಎಡತೋಳಿಗೆ ಅದನ್ನೇ ಮಗುಚಿ. ಕಾಲಿಂಗ್ ಕಾರ್ಡಿನಲ್ಲಿ ಫೋನ್ ಮಾಡಿ ಅವಳಿಗೆ ಎಲ್ಲವನ್ನೂ ಹೇಳಿದೆ.

“ಹಾಳಿ ತಿರುವಿ ಹಾಕ್ಯಾನವಾ,” ಅಂದಳು. “ಚುಚ್ಚೂ ಮುಂದ ಒಂದು ಎಲಿ ತುದಿ ಬಿಟ್ಟಾನ. ನಾನೂ ಎಷ್ಟ್ ಸಲ ಬಿಟ್ಟೇನಿ. ಪಾಪ, ಅವನ ತಪ್ಪು ಊರಿಗೆಲ್ಲಾ ಹೇಳಿಕೋತ ಅಡ್ಡಾಡಬ್ಯಾಡ.”

ಹೇಳಿದೆ. ಅಪಾರ್ಟ್‌ಮೆಂಟಿನ ಈಜುಕೊಳದ ಪಕ್ಕದ ಬಾರ್ಬೆಕ್ಯೂ ಒಲೆಯಿಂದ ಇದ್ದಿಲು ಆರಿಸಿ, ಪುಡಿಮಾಡಿ, ಹಳೆಯ ಕಾಲುಚೀಲದಲ್ಲಿ ಕಟ್ಟಿದೆ. ಸೆಮಿನಾರಿನ ದಿನ ಗೋಡೆಗೆ ಬಿಳಿ ಹಾಳೆ ಅಂಟಿಸಿ, ನಾನು ಚುಚ್ಚಿ ತಂದಿದ್ದ ಬಳ್ಳಿಯ ಹಾಳೆಯನ್ನು ಅದರ ಮೇಲಿಟ್ಟು ಕಾಲುಚೀಲದಿಂದ ತಟ್ಟಿದೆ. ಮಗುಚಿ ಮತ್ತೆ ತಟ್ಟಿದೆ. ತುದಿಯಿಲ್ಲದ ಎಲೆಗಳೆರಡು ಎದುರುಬದುರು ನಿಂತವು. ಕಾರ್ಪೆಟ್ ಕಪ್ಪಾಯಿತು. ಚುಚ್ಚಿದ ಹಾಳೆಯ ಮೇಲೆ ಇದ್ದಿಲಪುಡಿ ತಟ್ಟಿ ಗೋಡೆಗೆ ಚಿತ್ರ ಇಳಿಸುವ ಹಳೆಯ ಪದ್ಧತಿ ಮಾರ್ಗದರ್ಶಕರಿಗೆ ಗೊತ್ತಿಲ್ಲದ್ದೇನಲ್ಲ. ಆ ಎಲೆಯನ್ನು ಮಾತ್ರ ನೋಡಿರಲಿಲ್ಲ. ನನಗೆ ಹಿಗ್ಗೋ ಹಿಗ್ಗು, ಮುಚ್ಚಿಡುವುದೇಕೆ.

ವಾದವನ್ನು ಅವರು ಒಪ್ಪಿದರು. ಒಪ್ಪದೇ ಹೋದದ್ದು ಪ್ರಬಂಧದ ಒಂದು ಅಡಿಟಿಪ್ಪಣಿಯನ್ನು. ಮಗುಚಿದ ಹಾಳೆಯ ಮಾತಿಗೆ ಆಧಾರವೆಂದು ಅಲ್ಲಿ ಅವ್ವನ ಹೆಸರು, ಊರು, ಕಸುಬು ಬರೆದಿದ್ದೆ. ಇದು ಆಧಾರವಾಗುವುದಿಲ್ಲ, ತೆಗೆದರೆ ಸಹಿ ಹಾಕುತ್ತೇನೆ, ಅಂದರು.

“ಇಬ್ಬರು ಕಲಾವಿದರು ಅನ್ನುವುದಕ್ಕೆ ನೀವು ಪುಸ್ತಕಗಳನ್ನು ಆಧಾರವಾಗಿ ಕೊಟ್ಟಿದ್ದಿರಿ,” ಅಂದೆ. “ಅವುಗಳನ್ನು ಬರೆದವರು ಯಾರೂ ಹಾಳೆ ಚುಚ್ಚಿದವರಲ್ಲ. ನಾನು ತೆಗೆಯುವುದಿಲ್ಲ.”

ಹೊರಗೆ ಬಂದಾಗ, ಸೂಟ್‌ಕೇಸು ಎಲ್ಲಿದೆ ಎಂದು ಯೋಚಿಸಿದೆ.

ಮೂರನೆಯ ವಾರ ಪ್ರಬಂಧ ನನ್ನ ಕೈಗೆ ವಾಪಸ್ ಬಂತು, ಸಹಿಯೊಂದಿಗೆ. ಆ ಅಡಿಟಿಪ್ಪಣಿಯ ಪಕ್ಕದಲ್ಲಿ ಪೆನ್ಸಿಲಿನ ಒಂದೇ ಸಾಲು: ಎಷ್ಟು ವರ್ಷದ ಅನುಭವ, ಸೇರಿಸು.

ಅವ್ವನನ್ನು ಕೇಳಿ ಸೇರಿಸಿದೆ: ಇಪ್ಪತ್ತೆಂಟು ವರ್ಷ, ಈಗಲೂ ಚುಚ್ಚುತ್ತಿದ್ದಾಳೆ.